ಮೂರು ಪೋರ್ಟು, ಒಂದೇ ಬಾಗಿಲು

ಪಿಸ್ತೂಲಿನ ಮೂತಿ ಕಿವಿಯ ಹಿಂದೆ ತಣ್ಣಗೆ ಕೂತಿತ್ತು.

"ಬೇಗ! ಊಟಕ್ಕೆ ಹೋದವರು ವಾಪಸ್ ಬರ್ತಾರೆ!"

"ಇದು ರೂಟರ್ ಗುರುವೇ. ಹೆದರಿಸಿದ್ರೆ ಜೋರಾಗಿ ಓಡಲ್ಲ."

ಬೆನ್ನಿಗೊಂದು ಗುದ್ದು ಬಿತ್ತು. ತಮಾಷೆ ಗೊತ್ತಿಲ್ಲದವರ ಕೆಲಸ ಒಪ್ಪಿಕೊಳ್ಳಬಾರದು ನೋಡಿ!

ನನ್ನದು ನೆಟ್‌ವರ್ಕ್ ರಿಪೇರಿ ಕಸುಬು. ನಾವಿದ್ದದ್ದು ಪ್ರಶ್ನೆಪತ್ರಿಕೆ ಅಚ್ಚು ಹಾಕುವ ಪ್ರೆಸ್ಸು. ಅಲ್ಲಿಗೆ ರೂಟರ್ ಹಾಕಿಕೊಟ್ಟವನು ನಾನೇ. ಅದಕ್ಕೇ ಪಿಸ್ತೂಲು ಹಿಡಿದ ಈ ಕೋಟಿನವನು ನನ್ನನ್ನು ಹಿಂಬಾಗಿಲಿನಿಂದ ತಳ್ಳಿಕೊಂಡು ಬಂದಿದ್ದ.

ಒಳಗೆ ಮೂರು ಕಂಪ್ಯೂಟರ್. ಮರುದಿನ ಬೆಳಿಗ್ಗೆ ಮೂರಕ್ಕೂ ಪ್ರಶ್ನೆಪತ್ರಿಕೆ ಬರುವುದಿತ್ತು. ಈ ಕೋಟಿನ ಸಾಹೇಬರು ತಮ್ಮ ಮನೆಯಲ್ಲಿ ಕೂತೇ ಮೂರನ್ನೂ ತೆರೆಯಬೇಕಂತೆ! ಪಾಸ್‌ವರ್ಡ್ ಆಗಲೇ ಸಂಪಾದಿಸಿದ್ದ. ಮಾಲೀಕರು ಪ್ರೆಸ್ಸಿನ ಎಲ್ಲ ಕಂಪ್ಯೂಟರಿಗೂ ಒಂದೇ ಇಟ್ಟಿದ್ದರು, ಪುಣ್ಯಾತ್ಮರು.

ನನ್ನ ಮಗಳೂ ಆ ಪರೀಕ್ಷೆಗೆ ಕೂರುವವಳು. ಮೂರು ತಿಂಗಳಿಂದ ನಮ್ಮ ಮನೆಯಲ್ಲಿ ಟಿವಿ ಹಾಕಿಲ್ಲ.

"ಏನ್ ಮಾಡ್ತಿದೀಯ? ಬಾಯ್ಬಿಟ್ಟು ಹೇಳು!"

"ಹೊರಗಡೆ ಗೇಟ್ ಒಂದೇ. ಒಳಗೆ ಕೋಣೆ ಮೂರು. ಒಂದೊಂದಕ್ಕೆ ಒಂದೊಂದು ಪೋರ್ಟ್ ನಂಬರ್. ಈ ನಂಬರಲ್ಲಿ ಬಂದೋರನ್ನ ಈ ಕೋಣೆಗೆ ಬಿಡು ಅಂತ ರೂಟರ್‌ಗೆ ಹೇಳ್ತಿದೀನಿ."

ಹೇಳಿದ್ದು ಮುಕ್ಕಾಲು ನಿಜವೇ. ಕೋಣೆ ಯಾವುದೆಂದು ಮಾತ್ರ ಬಿಡಿಸಿ ಹೇಳಲಿಲ್ಲ.

5001... 5002... 5003... ಸೇವ್!

"ಆಯ್ತು. ನೋಡ್ಕೊಳ್ಳಿ."

ಅವನು ಮೊಬೈಲ್ ಇಂಟರ್ನೆಟ್‌ಗೆ ತನ್ನ ಲ್ಯಾಪ್‌ಟಾಪ್ ಜೋಡಿಸಿದ. ಮೊದಲ ನಂಬರ್ ಒತ್ತಿದ. ಪಾಸ್‌ವರ್ಡ್ ಕೊಟ್ಟ. ಸ್ಕ್ರೀನ್ ತೆರೆಯಿತು.

ಅದರಲ್ಲೊಂದು ಕೋಣೆ. ಕೋಣೆಯಲ್ಲೊಬ್ಬ ಕೋಟಿನವ. ಕೈಯಲ್ಲಿ ಪಿಸ್ತೂಲು!

ಅವನು ಮೌಸ್ ಅತ್ತಿತ್ತ ಆಡಿಸಿದ. ಎರಡನೇ ನಂಬರ್... ಅದೇ ಕೋಟು. ಮೂರನೆಯದು... ಅದೇ ಪಿಸ್ತೂಲು!

"ಲೇ! ಏನಿದು?"

"ಮೂರು ನಂಬರೂ ಹೋಗೋದು ಸೆಕ್ಯೂರಿಟಿ ರೂಮಿನ ಒಂದೇ ಕಂಪ್ಯೂಟರಿಗೆ. ಕ್ಯಾಮೆರಾಗಳೆಲ್ಲ ಅದರಲ್ಲೇ ಬರೋದು. ನಿಮ್ಮ ತಲೆ ಮೇಲೂ ಒಂದಿದೆ."

ಅವನು ತಲೆಯೆತ್ತಿದ. ಅಷ್ಟರಲ್ಲಿ ಬಾಗಿಲು ದಢಾರನೆ ತೆರೆಯಿತು. ಲಾಠಿ ಮಣಿಕಟ್ಟಿಗೆ ಬಿತ್ತು, ಪಿಸ್ತೂಲು ಮೇಜಿನಡಿ ಹಾರಿತು. ಓಡಲು ಹೋದವನು ಕಾಗದದ ಸುರುಳಿಗೆ ಎಡವಿ ಬೋರಲು ಬಿದ್ದ. ಲಾಠಿ ಹಿಡಿದವನು ಪ್ರೆಸ್ಸಿನ ಕಾವಲುಗಾರ. ನನ್ನ ಸೋದರಮಾವ!

"ಏನೋ ಅಳಿಯ!" ಮಾವ ಏದುಸಿರು ಬಿಡುತ್ತ ಅವನ ಬೆನ್ನ ಮೇಲೆ ಕೂತ. "ಸೆಕ್ಯೂರಿಟಿ ರೂಮಲ್ಲಿ ನಾನು ಮೌಸ್ ಮುಟ್ಟೇ ಇಲ್ಲ, ಸ್ಕ್ರೀನ್ ಮೇಲಿನ ಬಾಣ ತಾನಾಗೇ ಓಡ್ತಿದೆ! ದೆವ್ವ ಅಂದ್ಕೊಂಡು ಸ್ಕ್ರೀನ್ ದಿಟ್ಟಿಸಿದ್ರೆ, ಇವನು ಕಂಡ!"

ಕೋಟಿನವನು ನೆಲಕ್ಕೆ ಕೆನ್ನೆಯೊತ್ತಿ ಮುಲುಗಿದ.

"ನಾನು ಕೇಳಿದ್ದು ಮೂರು ಕಂಪ್ಯೂಟರ್..."

"ಕ್ಷಮಿಸಿ ಸಾರ್," ಎಂದೆ. "ಪಿಸ್ತೂಲ್ ಇಟ್ಟು ಮಾಡಿಸ್ಕೊಂಡ ಕೆಲಸಕ್ಕೆ ನಾನು ಗ್ಯಾರಂಟಿ ಕೊಡಲ್ಲ!"