ಛೀರಾಣಿಯ ಹತ್ತಿ

ನಡುಮನೆಯ ಮೂಲೆಯಲ್ಲಿ ನಾತ ಹುಟ್ಟಿಕೊಂಡು ವಾರವಾಗಿತ್ತು. ಮೊದಮೊದಲು ಕೊಳೆತ ಹಣ್ಣಿನಂತೆ, ಆಮೇಲೆ ಒದ್ದೆ ಕಾಲುಚೀಲದಂತೆ. ಆ ಬೆಳಗ್ಗೆಯಂತೂ ಇಂಥದ್ದೇ ಎನ್ನಲು ಬಾಯಿ ಬಾರದು.

ನಾತ ಬರುತ್ತಿದ್ದುದು ಭಾವ ಆಸೆಪಟ್ಟು ತಂದ ಪುಟ್ಟ ಫ್ರಿಜ್ಜಿನಿಂದ. ಗಾಜಿನ ಬಾಗಿಲು, ಜ್ಯೂಸು ಸೋಡಾ ಇಡುವುದಕ್ಕೆಂದೇ ಮಾಡಿದ್ದು. ಈಗ ಬಾಟಲಿಗಳೆಲ್ಲ ಉಗುರುಬೆಚ್ಚಗಾಗಿ, ಬಾಗಿಲ ಸಂದಿನಿಂದ ಹಳದಿ ನೀರು ಜಿನುಗಿ, ನೆಲ ಕಾಲಿಗೆ ಅಂಟುತ್ತಿತ್ತು.

"ಛೀ!" ಎಂದಳು ಅವನ ನಾದಿನಿ, ದುಪಟ್ಟಾವನ್ನು ಮೂಗಿಗೆ ಒತ್ತಿಕೊಂಡು.

ಅವಳಿಗೆ ಅದು ಉಸಿರಾಡಿದಷ್ಟೇ ಸಹಜ. ಒದ್ದೆ ಲೋಟ ಛೀ, ಇನ್ನೊಬ್ಬರ ಬಾಚಣಿಗೆ ಛೀ, ಬಸ್ಸಿನ ಕಂಬಿ ಛೀ. ಭಾವ ಅವಳಿಗೆ ಛೀರಾಣಿ ಎಂದೇ ಹೆಸರಿಟ್ಟಿದ್ದ. ದೇವರು ಅವಳಿಗೆ ಮೂಗು ಕೊಡುವಾಗ ಕೈ ಸ್ವಲ್ಪ ಧಾರಾಳ ಮಾಡಿದ್ದ, ಅಷ್ಟೇ.

"ಇದನ್ನ ಹಾಳು ಮಾಡಿದ್ದು ಯಾರು ಅಂತ ಗೊತ್ತಾಗಲಿ, ಆಮೇಲಿದೆ!" ಭಾವ ಗುಡುಗಿದ.

"ನಿಮ್ಮ ಗುಡುಗು ಆಮೇಲೆ. ಡಾಕ್ಟ್ರು ಬರೋ ಹೊತ್ತಾಯ್ತು," ಅಂದಳು ಅಕ್ಕ.

ದನದ ಡಾಕ್ಟರು. ಭಾವನ ಸ್ನೇಹಿತ. ನಿಮ್ಮ ನಾದಿನಿಯನ್ನು ಕೊಡುತ್ತೀರಾ ಎಂದು ನೇರವಾಗಿ ಕೇಳಿದ್ದ. ಅವಳನ್ನೇ ಕೇಳಿ ಎಂದು ಭಾವ ಕರೆದಿದ್ದ. ಅವಳು ಉತ್ತರ ಸಿದ್ಧಮಾಡಿಕೊಂಡೇ ಕೂತಿದ್ದಳು: ಬೇಡ.

ಅವಳು ಕೆಲಸ ಮಾಡುವ ಔಷಧಿ ಅಂಗಡಿಗೆ ಹತ್ತಿ ಕೊಳ್ಳಲು ಅವನು ಆಗಾಗ ಬರುತ್ತಿದ್ದ. ಬೂಟಿನಲ್ಲಿ ಸಗಣಿ, ಮೊಣಕೈವರೆಗೆ ಕೊಟ್ಟಿಗೆಯ ವಾಸನೆ. ಆ ಕೈ ಎಲ್ಲೆಲ್ಲಿಗೆ ಹೋಗಿಬಂದಿತ್ತೋ! ಅವಳು ಹತ್ತಿಯ ಸುರುಳಿಯನ್ನು ಸ್ಕೇಲಿನ ತುದಿಯಿಂದ ಅವನತ್ತ ನೂಕುತ್ತಿದ್ದಳು. ಅವನು ನಗುತ್ತ ತೆಗೆದುಕೊಳ್ಳುತ್ತಿದ್ದ.

ಇವತ್ತು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದ. ಒಳಗೆ ಕಾಲಿಟ್ಟವನೇ ಮೂಗರಳಿಸಿದ.

"ಯಾರಿಗೋ ಹುಷಾರಿಲ್ಲ."

"ಫ್ರಿಜ್ಜಿಗೆ," ಅಂದ ಭಾವ. "ಮೆಕ್ಯಾನಿಕ್ ಕೇಳಿದಾಗೆಲ್ಲ ನಾಳೆ ಅಂತಾನೆ."

ಡಾಕ್ಟರು ಕುಕ್ಕರಗಾಲಲ್ಲಿ ಕೂತು ಫ್ರಿಜ್ಜಿನ ಪಕ್ಕೆಗೆ ಕಿವಿ ಇಟ್ಟ. "ಏದುಸಿರು ಬಿಡ್ತಿದೆ, ಪಾಪ. ಇದಕ್ಕೆ ಕಂಬಳಿ ಹೊದಿಸಿದ್ದು ಯಾರು?"

"ಕಂಬಳಿ ಅಲ್ಲ, ಕಸೂತಿ ಹಾಕಿದ ಬಟ್ಟೆ," ಅಂದಳು ಛೀರಾಣಿ. "ಧೂಳು ಕೂರಬಾರದು ಅಂತ ನಾನೇ ಹೊದಿಸಿದ್ದು."

ಅವನು ಪ್ಲಗ್ ಕಿತ್ತು, ಫ್ರಿಜ್ಜನ್ನು ಗೋಡೆಯಿಂದ ಎಳೆದ. ಬೆನ್ನಿನ ಕೊಳವೆಗಳ ತುಂಬ ಬೂದುಬಣ್ಣದ ಧೂಳು ಉಣ್ಣೆಯಂತೆ ಬೆಳೆದಿತ್ತು. ಅದರ ನಡುವೆ ಒಣಗಿದ ಜಿರಲೆಗಳು.

"ಛೀ ಛೀ ಛೀ!" ಅಕ್ಕ ಕೊಟ್ಟಿದ್ದ ಟಾರ್ಚು ಅವಳ ಕೈಯಲ್ಲಿ ಚಾವಣಿಯತ್ತ ತಿರುಗಿತು.

"ಗೋಡೆಗೆ ಒತ್ತಿ, ಮೇಲೆ ಬಟ್ಟೆ ಹೊದಿಸಿದ್ರೆ ಬಿಸಿ ಹೊರಗೆ ಹೋಗೋದು ಹೇಗೆ? ಟಾರ್ಚು ಈ ಕಡೆ ಹಿಡೀರಿ. ಚಾವಣಿಗೇನೂ ರೋಗ ಇಲ್ಲ."

ಅವಳಿಗೆ ನಗು ಬಂತು, ದುಪಟ್ಟಾದೊಳಗೇ ನುಂಗಿದಳು. ಅಕ್ಕ ಬಿಸಿನೀರು ಕಾಯಿಸಲು ಹೋದಳು, ಭಾವ ಹಳೆಯ ಬ್ರಶ್ಶು ಹುಡುಕಲು.

ಅವನು ಬಾಗಿಲಿಗೆ ಕಾಗದದ ಚೂರು ಸಿಕ್ಕಿಸಿ ಮುಚ್ಚಿ ಎಳೆದ. ಸುಲಭವಾಗಿ ಜಾರಿ ಬಂತು. "ನೋಡಿ, ರಬ್ಬರಿನ ಮಡಿಕೆಯಲ್ಲಿ ಕೊಳೆ ತುಂಬಿದೆ, ಬಾಗಿಲು ಬಿಗಿಯಾಗಿ ಕೂರ್ತಿಲ್ಲ." ಮಡಿಕೆ ಬಿಡಿಸಿದರೆ ಒಳಗೆ ಕಪ್ಪು ಬೂಷ್ಟು. ಒಳಗಿನ ತಳದಲ್ಲಿ, ಯಾವುದೋ ಬಾಟಲಿಯಿಂದ ಸೋರಿದ ಹಣ್ಣಿನ ರಸ ನೀರಿನೊಡನೆ ಸೇರಿ, ಮೂಗಿನ ಸಿಂಬಳದ ಹಾಗೆ ಲೋಳೆಗಟ್ಟಿತ್ತು.

"ನೀರು ಹೊರಹೋಗೋ ತೂತು ಕಟ್ಟಿದೆ," ಎನ್ನುತ್ತ ಅವನು ಹಿಂಬದಿಗೆ ಬೆರಳು ತೂರಿಸಿದ. ಏನೋ ಉದ್ದಕ್ಕೆ, ತೊಟ್ಟಿಕ್ಕುತ್ತ ಹೊರಬಂತು. ಆ ನಾತಕ್ಕೆ ಅವಳ ಕಣ್ಣಲ್ಲಿ ನೀರಾಡಿತು.

ಅವನು ಮುಖ ತಿರುಗಿಸಿ ಓಕರಿಸಿದ.

"ನಿಮಗೂ ಅಸಹ್ಯ ಆಗುತ್ತಾ?"

"ದಿನಾ ಆಗುತ್ತೆ. ಕೆಲಸ ಮುಗಿಸಿ ಕೊಟ್ಟಿಗೆ ಹಿಂದೆ ಹೋಗಿ ವಾಂತಿ ಮಾಡಿ ಬರ್ತೀನಿ. ಯಾರಿಗೂ ಹೇಳಬೇಡಿ."

"ಮತ್ತೆ ಯಾಕೆ ಮುಟ್ತೀರಿ?"

"ದನಕ್ಕೆ ನೋಯ್ತಿರುತ್ತಲ್ಲ."

ಎಷ್ಟು ಪುಟ್ಟ ಮಾತು! ಅವಳು ಟಾರ್ಚಿನ ಬೆಳಕಲ್ಲೇ ಅವನನ್ನು ನೋಡಿದಳು. ಹಣೆಯ ಬೆವರು, ಕೆನ್ನೆಗೆ ಅಂಟಿದ ಧೂಳಿನ ಎಳೆ, ರೆಪ್ಪೆ ಎತ್ತದ ಕಣ್ಣು. ಆ ಕಣ್ಣು ಬೆರಳಿನಲ್ಲಿದ್ದುದನ್ನೇ ನೋಡುತ್ತಿತ್ತು.

ಹತ್ತಿ. ಗಾಯಕ್ಕೆ ಇಡುವ ಹತ್ತಿ, ಗಾಯಕ್ಕೆ ತುಂಬುವ ಹಾಗೆಯೇ ಬಿಗಿಯಾಗಿ ಸುತ್ತಿ ತುರುಕಿದ್ದು.

ಅವಳಿಗೆ ಥಟ್ಟನೆ ಗುರುತು ಸಿಕ್ಕಿತು. ಆ ತೂತಿನಿಂದ ಜಿರಲೆ ಹತ್ತಿಬಂದಾವೆಂದು ಸ್ಪಿರಿಟ್ಟಿನಲ್ಲಿ ಅದ್ದಿ ಅವಳೇ ತುರುಕಿದ್ದಳು. ಮನೆಯೆಲ್ಲ ಮೂಗು ಮುಚ್ಚುವಂತೆ ಮಾಡಿದ್ದು ಅವಳ ಶುಚಿಯೇ!

ಅವನು ತಲೆಯೆತ್ತಿದ. ಅವಳನ್ನು ನೋಡಿದ. ಹತ್ತಿ ಯಾರದೆಂದು ಅವನಿಗೆ ಅರ್ಥವಾಗಿತ್ತು.

"ಸಿಕ್ತಾ? ಏನದು?" ಬ್ರಶ್ಶು ಹಿಡಿದು ಭಾವ ಬಂದ, ಹಿಂದೆಯೇ ಬಿಸಿನೀರಿನೊಂದಿಗೆ ಅಕ್ಕ.

ಡಾಕ್ಟರು ಮುಷ್ಟಿ ಮುಚ್ಚಿದ. ಅದನ್ನು ಹಾಗೇ ಅಂಗಿಯ ಜೇಬಿಗೆ ಇಳಿಸಿದ. "ಏನೋ ಕಸ. ಇನ್ನು ನೀರು ಸರಾಗ ಹೋಗುತ್ತೆ."

ಬಿಳಿ ಅಂಗಿಯ ಮೇಲೆ ಹಳದಿ ಕಲೆ ನಿಧಾನವಾಗಿ ಹಬ್ಬಿತು, ಎದೆಯ ಎಡಭಾಗದಲ್ಲಿ.

ಒರೆಸಿ, ತೊಳೆದು, ಗೋಡೆಯಿಂದ ಗೇಣು ದೂರ ಇಟ್ಟು ಪ್ಲಗ್ ಹಾಕಿದಾಗ ಫ್ರಿಜ್ಜು ಹೊಟ್ಟೆ ತುಂಬಿದ ಕರುವಿನಂತೆ ಮೆಲ್ಲಗೆ ಗುಂಯ್‌ಗುಟ್ಟಿತು.

"ಸರಿ," ಭಾವ ಗಂಟಲು ಸರಿಮಾಡಿಕೊಂಡ. "ನಮ್ಮ ಛೀರಾಣಿ ಏನಂತಾಳೆ?"

ಬೇಡ ಎಂಬ ಮಾತು ಬಾಯಲ್ಲೇ ಇತ್ತು. ಅವಳು ಆ ಕಲೆಯನ್ನು ನೋಡಿದಳು. ಮೂಗಿನಿಂದ ದುಪಟ್ಟಾ ತೆಗೆದಳು.

"ಕೊಡಿ ಅದನ್ನ."

"ಬೇಡ, ಹೊಲಸಾಗಿದೆ," ಎಂದ ಅವನು, ತಗ್ಗಿದ ದನಿಯಲ್ಲಿ.

"ನಂದೇ ಹೊಲಸು. ಭಾವ, ತೂತಿಗೆ ಹತ್ತಿ ತುರುಕಿದ್ದು ನಾನು. ಇವರ ಜೇಬಲ್ಲಿದೆ."

ಭಾವನ ಬಾಯಿ ತೆರೆದುಕೊಂಡಿತು. ಅಕ್ಕ ಅವನ ತೋಳು ಹಿಡಿದು ಸುಮ್ಮನಾಗಿಸಿದಳು.

ಅವಳು ಬರಿಗೈ ಚಾಚಿದಳು. ಅವನು ಜೇಬಿಗೆ ಕೈಹಾಕಿ, ತಡೆದು, ಕೊನೆಗೆ ಅವಳ ಅಂಗೈಯಲ್ಲಿಟ್ಟ. ತಣ್ಣಗೆ, ಲೋಳೆಲೋಳೆ.

"ಛೀ!" ಎಂದಳು ಕಣ್ಣು ಮುಚ್ಚಿ.

"ಇದನ್ನ ಹೂಂ ಅಂತ ತಿಳಿಯೋದಾ, ಊಹೂಂ ಅಂತಲಾ?" ಭಾವ ಕಕ್ಕಾಬಿಕ್ಕಿಯಾದ.

"ಅವಳ ಬಾಯಲ್ಲ, ಕೈ ನೋಡ್ರೀ," ಎಂದಳು ಅಕ್ಕ.

ಹತ್ತಿಯ ಜೊತೆಗೆ ಅವನ ಬೆರಳುಗಳನ್ನೂ ಸೇರಿಸಿ ಹಿಡಿದಿದ್ದಳು ಛೀರಾಣಿ. ಬಿಟ್ಟಿರಲಿಲ್ಲ.