ಒಂದೂ ಬೀಳದ ಗುಂಡುಸೂಜಿ

ಷಟರ್ ಎತ್ತಿದವಳೇ ಅಂಗಡಿಯಾಕೆ ಹಾಗೇ ನಿಂತುಬಿಟ್ಟಳು. ನರ್ಸುಗಳಿಗೆಂದು ಹೊಲಿಯುತ್ತಿದ್ದ ಬಿಳಿ ಅಂಗಿಗಳೆಲ್ಲ ನೆಲದ ಮೇಲೆ ಚಿಂದಿ ಚಿಂದಿ! ಸಂಜೆಗೆ ಒಪ್ಪಿಸಬೇಕಾದ ಮಾಲು. ಹೆಂಗಸಿನ ಕೈಲಿ ಆಗುತ್ತದೆಯೇ ಎಂದು ಮೂಗು ಮುರಿದ ಆಸ್ಪತ್ರೆಯವರನ್ನು ಕಾಡಿ ಬೇಡಿ ಪಡೆದ ಮೊದಲ ಗುತ್ತಿಗೆ.

ಅವಳ ಕೂಗು ಕೇಳಿ ಹಿಂಬದಿಯ ಮನೆಯಿಂದ ಗಂಡ, ಅವಳ ತಾಯಿ ಓಡಿಬಂದರು. ಮಹಡಿಯಿಂದ ನಿವೃತ್ತ ಇನ್‌ಸ್ಪೆಕ್ಟರ್ ಮೇಡಂ ಇಳಿದು ಬಂದರು. ಬೀಗ ನೋಡಿದರು — ಮುರಿದಿರಲಿಲ್ಲ.

"ಯಾರ ಮೇಲಾದ್ರೂ ಅನುಮಾನ?"

"ಎದುರುಗಡೆ ಟೈಲರ್ ಮೇಲೆ. ಗುತ್ತಿಗೆ ಕೈತಪ್ಪಿತು ಅಂತ ಹಲ್ಲು ಕಡೀತಿದ್ದ."

"ಬೀಗದ ಕೈ ಅವನಿಗೆ ಹೇಗೆ ಸಿಕ್ತು?"

ಅಂಗಡಿಯಾಕೆಯ ಕಣ್ಣು ಗಂಡನತ್ತ ಹೊರಳಿತು. ಬೀಗದ ಕೈ ಇರುವುದು ಮನೆಯೊಳಗೆ. ಮನೆಯಲ್ಲಿರುವುದು ತಾನು, ಗಂಡ, ತಾಯಿ ಮೂವರೇ.

"ನನ್ನನ್ಯಾಕೆ ನೋಡ್ತೀರಿ?" ಗಂಡ ಸಿಡುಕಿದ. "ಅಂಗಡಿ ಮುಚ್ಚು ಅಂದಿದ್ದು ನಿಜ. ಆದ್ರೆ ನಾನು ಕತ್ತರಿ ಮುಟ್ಟಿದೋನಲ್ಲ."

ಮೇಡಂ ಮಂಡಿಯೂರಿ ಚಿಂದಿಗಳ ಮೇಲೆ ಅಂಗೈ ಆಡಿಸಿದರು.

"ಅಂಗಿಗಳಿಗೆ ಗುಂಡುಸೂಜಿ ಚುಚ್ಚಿಟ್ಟಿದ್ಯಾ?"

"ಹೂಂ. ಅಂಚು ಮಡಿಸಿ ಚುಚ್ಚಿದ್ದೆ."

"ನೆಲದ ಮೇಲೆ ಒಂದೂ ಇಲ್ಲ. ಎಲ್ಲ ಮೇಜಿನ ಮೇಲಿನ ಪುಟ್ಟ ದಿಂಬಲ್ಲಿವೆ! ಹಾಳು ಮಾಡೋಕೆ ಬಂದವರು ಸೂಜಿ ಯಾಕೆ ಬಿಡಿಸಿಟ್ರು? ಸೂಜಿ ಮೇಲೆ ಕತ್ತರಿ ಆಡಿಸಿದ್ರೆ ಕತ್ತರಿ ಬಾಯಿ ಮೊಂಡಾಗುತ್ತೆ. ನಿನ್ನ ಗಂಡನಿಗೆ ಅದು ಗೊತ್ತಿಲ್ಲ. ಇದು ಹೊಲಿಗೆ ಕಲಿತ ಕೈ. ಎಂಥ ಸಂಕಟದಲ್ಲೂ ರೂಢಿ ಬಿಡಲ್ಲ. ನಿನಗೆ ಹೊಲಿಗೆ ಕಲಿಸಿದ್ದು ಯಾರಮ್ಮ?"

ಅಂಗಡಿಯಾಕೆ ತಾಯಿಯ ಕಡೆ ತಿರುಗಿದಳು. "ಅಮ್ಮಾ?"

ತಾಯಿ ಸುಳ್ಳಾಡಲಿಲ್ಲ. "ಈ ಗುತ್ತಿಗೆ ಮುಗಿಸಿದ್ರೆ ನಿನ್ನ ಬಿಟ್ಟುಬಿಡ್ತೀನಿ ಅಂದ್ರು ಅಳಿಯಂದ್ರು. ನಿಮ್ಮಪ್ಪ ಬಿಟ್ಟು ಹೋದಾಗ ನನಗೂ ಕಸಬು ಗೊತ್ತಿತ್ತು ಮಗಳೇ. ಆದ್ರೂ ಗಂಡನಿಲ್ಲದವಳಿಗೆ ಒಬ್ಬರೂ ಬಾಡಿಗೆಗೆ ಕೋಣೆ ಕೊಡಲಿಲ್ಲ. ಆ ಪಾಡು ನಿನಗೆ ಬೇಡ ಅಂತ..."

ಗಂಡ ಮುಖ ತಿರುಗಿಸಿದ. ಮೇಡಂ ಅವನನ್ನೇ ದಿಟ್ಟಿಸಿದರು. "ಕತ್ತರಿ ಹಿಡಿದವರನ್ನ ಹಿಡಿದೆ. ಇವನ ಮೇಲೆ ಯಾವ ಕೇಸ್ ಹಾಕೋದು?"

"ನನ್ನನ್ನ ಒಂದು ಮಾತು ಕೇಳಬಹುದಿತ್ತಲ್ಲಮ್ಮ," ಎಂದಳು ಅಂಗಡಿಯಾಕೆ.

"ಕೇಳಿದ್ರೆ ನೀನು ಹೆದರ್ತಿರಲಿಲ್ಲ, ಗುತ್ತಿಗೆ ಮುಗಿಸೇ ಬಿಡ್ತಿದ್ದೆ," ಎಂದು ತಾಯಿ ಬಿಕ್ಕಿದಳು.

ಸಂಜೆ ಆಸ್ಪತ್ರೆಯ ಅಧಿಕಾರಿ ಬಂದ. ಚಿಂದಿಯ ರಾಶಿ ಕಂಡು ನಕ್ಕ. "ಹೆಂಗಸರಿಗೆ ಕೊಡಬೇಡಿ ಅಂತ ಅವತ್ತೇ ಬಡ್ಕೊಂಡಿದ್ದೆ. ಯಾರು ಮಾಡಿದ್ದು ಇದನ್ನ?"

ತಾಯಿ ಎದ್ದು ನಿಂತಳು. ಅಂಗಡಿಯಾಕೆ ಅವಳ ಭುಜ ಅದುಮಿ ಕೂರಿಸಿದಳು.

"ನನ್ನದೇ ತಪ್ಪು ಸಾರ್," ಎಂದಳು.

ಅಧಿಕಾರಿ ರಸ್ತೆ ದಾಟಿ ಎದುರಿನ ಟೈಲರ್ ಅಂಗಡಿಗೆ ನಡೆದ.