ಇಲ್ಲದ ರೋಗಕ್ಕೆ ಮದ್ದು

ಲಮಿಯಾಳ ಫೋನಿಗೆ ಯಾವ ರೋಗವೂ ಇರಲಿಲ್ಲ. ಅದು ಜವಾದನಿಗೆ ಗೊತ್ತಿತ್ತು. ಅವನಿಗೆ ಗೊತ್ತಿದೆ ಎನ್ನುವುದು ಲಮಿಯಾಳಿಗೂ ಗೊತ್ತಿತ್ತು. ಆದರೂ ಕಾಸಾಬ್ಲಾಂಕಾದ ದರ್ಬ್ ಘಲ್ಲೆಫ್ ಬಜಾರಿನಲ್ಲಿ, ಬಿಚ್ಚಿಟ್ಟ ಫೋನುಗಳ ನಡುವೆ ಕೂತಿರುತ್ತಿದ್ದ ಅವನ ಮುಂದೆ ಅವಳು ಏನಾದರೊಂದು ಕುಂಟುನೆಪ ಹಿಡಿದು ಬಂದು ನಿಲ್ಲುತ್ತಿದ್ದಳು.

“ಮೇಸ್ತ್ರಿ, ಫೋನು ಬಿಸಿ ಆಗ್ತಿದೆ. ವೈರಸ್ ಇರ್ಬೇಕು.”

“ಬಿಸಿಲಲ್ಲಿ ಹಿಡ್ಕೊಂಡು ಬಂದ್ರೆ ಬಿಸಿ ಆಗ್ದೆ ಇನ್ನೇನಾಗುತ್ತೆ ಲಲ್ಲಾ? ನಿಮ್ಮ ಕೆನ್ನೆನೂ ಕೆಂಪಗಾಗಿದೆ. ಅದಕ್ಕೂ ವೈರಸ್ಸಾ?”

“ಕೆನ್ನೆ ರಿಪೇರಿಗೆ ಬಂದಿಲ್ಲ ನಾನು. ಫೋನು ನೋಡಿ.”

ಲಲ್ಲಾ, ಅಂದರೆ ಅಮ್ಮಾವ್ರೇ, ಎನ್ನುತ್ತಲೇ ಅವನು ಫೋನು ನೋಡುತ್ತಿದ್ದ. ಕಣ್ಣಿಗೆ ಕಟ್ಟಿಕೊಂಡ ಭೂತಗನ್ನಡಿಯ ಅಂಚಿನಿಂದ ಅವಳನ್ನೂ ನೋಡುತ್ತಿದ್ದ. ಅವನು ಹಾಗೆ ನೋಡುವಾಗ ಅವಳು ಬೇರೆಲ್ಲೋ ನೋಡುವವಳಂತೆ ನಟಿಸಿ, ಅವನು ತಲೆ ತಗ್ಗಿಸಿದ ಕೂಡಲೇ ಅವನ ಬೆರಳುಗಳನ್ನು ನೋಡುತ್ತಿದ್ದಳು. ಚೆಂದದ ಬೆರಳುಗಳು, ಉಗುರಿನ ಸಂದಿಯಲ್ಲಿ ಸದಾ ಕರಿ.

“ಇದಕ್ಕೊಂದು ಆಂಟಿವೈರಸ್ ಹಾಕಿಕೊಡಿ,” ಎಂದಳು ಒಂದು ದಿನ.

“ಬೇಡ. ಅಪ್‌ಡೇಟ್ ಬಂದಾಗ ಹಾಕ್ಕೊಳ್ಳಿ, ಕಂಡೋರು ಕಳ್ಸಿದ್ದನ್ನೆಲ್ಲ ಒತ್ಬೇಡಿ, ಫೋನಿನ ಸ್ಟೋರ್ ಬಿಟ್ಟು ಹೊರಗಿಂದ ಏನೂ ಇಳಿಸ್ಕೋಬೇಡಿ. ಅಷ್ಟು ಮಾಡಿದ್ರೆ ಫೋನು ತನ್ನನ್ನ ತಾನೇ ನೋಡ್ಕೊಳ್ಳುತ್ತೆ.”

“ಹಾಗಾದ್ರೆ ನಾನಿನ್ನು ಬರೋ ಕೆಲ್ಸ ಇಲ್ಲ ಅನ್ನಿ.”

ಅವನ ಕೈ ನಿಂತಿತು.

“ಹಾಕ್ತೀನಿ,” ಎಂದ. “ಆದ್ರೆ ವಾರಕ್ಕೊಂದ್ಸಲ ತಂದು ತೋರಿಸ್ಬೇಕು.”

“ಎಷ್ಟು ವಾರ?”

“ಅದು ಫೋನಿನ ಹಣೆಬರಹ.”

ಆ ಬಜಾರಿನಲ್ಲಿ ಒಂದು ಮರ್ಯಾದೆ ಇದೆ. ಬೇಕಾದವರಿಗೆ, ಕಾಸು ಕೊಟ್ಟು ಕೊಳ್ಳಬೇಕಾದ ಆ್ಯಪನ್ನು ಬೀಗ ಒಡೆದು ಬಿಟ್ಟಿಯಾಗಿ ಹಾಕಿಕೊಡುತ್ತಾರೆ, ಬಂದವರಿಗೆ ಪುದೀನ ಚಹಾ ಕೊಟ್ಟಂತೆ. ಸ್ಟೋರಿನಲ್ಲಿ ಪುಕ್ಕಟೆ ಸಿಗುವುದನ್ನು ಲಮಿಯಾಳಿಗೆ ಕೊಡಲು ಜವಾದನಿಗೆ ಮನಸ್ಸು ಬರಲಿಲ್ಲ. ಎಲ್ಲಕ್ಕಿಂತ ದುಬಾರಿಯದನ್ನೇ, ಬೀಗ ಒಡೆದದ್ದನ್ನು, ಪಕ್ಕದ ಅಂಗಡಿಯಿಂದ ತಂದು ಹಾಕಿದ. ಅದು ಫೋಟೋ ನೋಡಲೇ, ನಂಬರು ನೋಡಲೇ ಎಂದು ಕೇಳುತ್ತಾ ಹೋಯಿತು. ಲಮಿಯಾ ಯಾವಳೋ ಮದುಮಗಳ ಅತ್ತೆಯ ನಡಿಗೆಯನ್ನು ಅಣಕಿಸಿ ತೋರಿಸುತ್ತಿದ್ದಳು. ಅವನು ನಗುತ್ತಾ ಎಲ್ಲಕ್ಕೂ ಹೂಂ ಒತ್ತಿದ.

ಆಮೇಲಿನ ವಾರಗಳು ಅವಳ ಬಾಳಿನಲ್ಲೇ ಸವಿಯಾದವು. ಕೊನೆಗೊಂದು ದಿನ ಅವನು ತಲೆಯೆತ್ತದೆ, “ಶುಕ್ರವಾರ ಅಮ್ಮನ್ನ ನಿಮ್ಮನೆಗೆ ಕಳಿಸ್ತೀನಿ,” ಎಂದ. ಹೆಣ್ಣು ಕೇಳುವುದಕ್ಕೆ. ಅವಳು ಎದ್ದು, ಬಜಾರಿನ ತುದಿ ಮುಟ್ಟುವವರೆಗೂ ಒಬ್ಬಳೇ ನಗುತ್ತಾ ನಡೆದಳು.

ಲಮಿಯಾ ಕೆಲಸ ಮಾಡುತ್ತಿದ್ದದ್ದು ಮದುಮಗಳನ್ನು ಸಿಂಗರಿಸುವ ಲಲ್ಲಾ ಬತೂಲರ ಕೈಕೆಳಗೆ. ಮೆಹೆಂದಿಯ ದಿನ ಹೆಂಗಸರೇ ಸೇರಿ, ಕೂದಲು ಬಿಚ್ಚಿ ಕುಣಿಯುವಾಗ, ಬಂದವರ ಫೋನುಗಳನ್ನೆಲ್ಲ ಬಾಗಿಲಲ್ಲೇ ಬುಟ್ಟಿಗೆ ಹಾಕಿಸುತ್ತಾರೆ. ಒಳಗೆ ಬರುವುದು ಲಮಿಯಾಳ ಫೋನೊಂದೇ. ಅವಳು ತೆಗೆದ ಫೋಟೋ ಮದುಮಗಳನ್ನು ಬಿಟ್ಟರೆ ಇನ್ನೊಬ್ಬರ ಕಣ್ಣಿಗೆ ಬೀಳಬಾರದು. ಆ ನಂಬಿಕೆಯ ಮೇಲೇ ಅವರಿಬ್ಬರ ಅನ್ನ.

ಶೈಮಾ ಎಂಬ ಹುಡುಗಿಯ ಮೆಹೆಂದಿಯ ಫೋಟೋಗಳು ಆ ಗುರುವಾರ ಯಾವುದೋ ಗುರುತಿಲ್ಲದ ನಂಬರಿನಿಂದ ಲಮಿಯಾಳ ಫೋನಿನಲ್ಲಿ ನಂಬರಿದ್ದ ಎಲ್ಲರಿಗೂ ಹೋದವು. ವಾದ್ಯದವರಿಗೆ, ಅಡುಗೆಯವರಿಗೆ, ಗಂಡಿನ ಚಿಕ್ಕಪ್ಪಂದಿರಿಗೆ. ಗಂಡಿನ ಕಡೆಯವರು, ಇದೇನೆಂದು ಗೊತ್ತಾಗುವವರೆಗೆ ಮದುವೆ ಇಲ್ಲ ಎಂದು ಕೂತರು.

“ಫೋನು ಯಾರ ಕೈಗೆ ಕೊಟ್ಟೆ?” ಎಂದು ಕೇಳಿದರು ಬತೂಲ್.

ನಾಳೆ ಶುಕ್ರವಾರ. ಹೆಸರು ಹೇಳಿದರೆ ಆ ಹೆಸರಿನವನು ಲಮಿಯಾಳಿಗೆ ಸಿಗುವುದಿಲ್ಲ.

“ಯಾರ ಕೈಗೂ ಇಲ್ಲ. ಯಾವ್ದೋ ಲಿಂಕ್ ಬಂತು. ನಾನೇ ಒತ್ತಿದೆ.”

“ನಾಳೆಯಿಂದ ಬರ್ಬೇಡ,” ಎಂದರು ಬತೂಲ್. ಸಂಜೆಯೊಳಗೆ, ಫೋಟೋ ಮಾರಿಕೊಂಡಳಂತೆ ಎಂಬ ಮಾತು ಬೀದಿಯೆಲ್ಲ ಹಬ್ಬಿತು.

ಅವಳು ನೇರ ಜವಾದನ ಬಳಿ ಹೋದಳು. ಅವನು ಫೋನನ್ನು ತುಂಬ ಹೊತ್ತು ನೋಡಿದ. ಬೇಲಿಯೇ ಎದ್ದು ಹೊಲ ಮೇಯ್ದಿತ್ತು.

“ನಾನು ಹಾಕಿದ್ದೇ ಕಳ್ಳ,” ಎಂದ.

“ಯಾರಿಗೂ ಹೇಳ್ಬೇಡಿ. ನಾನೇ ಒತ್ತಿದೆ ಅಂದಿದೀನಿ. ಊರ ಬಾಯಿ ಎಷ್ಟು ದಿನ ಆಡುತ್ತೆ? ನಾಳೆ ನಿಮ್ಮಮ್ಮ ಬರ್ಲಿ ಸಾಕು.”

ಅವನು ಹೂಂ ಎನ್ನಲಿಲ್ಲ. ಅವಳಿಗೆ ಆಗಲೇ ಅರ್ಥವಾಗಬೇಕಿತ್ತು.

ಶುಕ್ರವಾರ ಜವಾದನ ಅಮ್ಮ ಬರಲಿಲ್ಲ. ಬಂದವರು ಬತೂಲ್. ಬಾಗಿಲಲ್ಲೇ ಲಮಿಯಾಳನ್ನು ತಬ್ಬಿಕೊಂಡರು.

“ಹುಚ್ಚಿ, ಅವನಿಗೋಸ್ಕರ ಸುಳ್ಳು ಹೇಳಿದ್ಯಾ? ಶೈಮಾಳ ಅಪ್ಪನ ಮುಂದೆ ಬಂದು ನಿಂತು ಎಲ್ಲ ಹೇಳ್ದ. ನೀನು ಬೇಡ ಬೇಡ ಅಂದ್ರೂ ತಾನೇ ಹಾಕಿದ್ದಂತೆ. ಅವಳ ಅಣ್ಣಂದಿರು ಹೊಡೆದ್ರೂ ಸುಮ್ನೆ ನಿಂತಿದ್ದ. ಗಂಡಿನ ಮನೆಗೂ ಹೋಗಿ ಹೇಳಿದಾನೆ, ಮದುವೆ ನಡೆಯುತ್ತೆ. ನೀನು ಕೆಲ್ಸಕ್ಕೆ ಬಾ. ಆದ್ರೆ ಅವನ ಜೊತೆ ಕಾಣಿಸ್ಕೊಂಡ್ರೆ ಯಾವ ಮದುಮಗಳ ಮನೆನೂ ನಮಗೆ ಬಾಗಿಲು ತೆಗೆಯಲ್ಲ.”

ಒಳಗಿನಿಂದ ಲಮಿಯಾಳ ಅಮ್ಮನ ದನಿ ಬಂತು. “ಹೆಣ್ಮಕ್ಕಳ ಮಾನ ಬಜಾರಿಗೆ ಹಾಕಿದವನಿಗೆ ನನ್ನ ಮಗಳನ್ನ ಕೊಡ್ಲಾ? ನಾನು ಸತ್ತ ಮೇಲೆ.”

ಲಮಿಯಾ ಬಜಾರಿಗೆ ಹೋದಾಗ ಜವಾದ್ ಸಾಮಾನು ಕಟ್ಟುತ್ತಿದ್ದ. ದೂರದ ಅಗಾದಿರಿನಲ್ಲಿ ಸೋದರಮಾವನ ಅಂಗಡಿಯಂತೆ, ಅಲ್ಲಿಗೆ ಹೊರಟಿದ್ದ. ತುಟಿ ಒಡೆದಿತ್ತು.

“ನನ್ನನ್ನ ಒಂದು ಮಾತು ಕೇಳ್ಬಾರ್ದಿತ್ತಾ?” ಅದುವರೆಗೆ ನೀವು ಎನ್ನುತ್ತಿದ್ದವಳು ಅಂದು ಏಕವಚನಕ್ಕಿಳಿದಳು. “ನಿನಗೆ ಬಾಯಿಲ್ವಾ?”

“ಕೇಳಿದ್ರೆ ನೀನು ಬೇಡ ಅಂತಿದ್ದೆ.”

“ಕೆಲ್ಸ ಹೋದ್ರೆ ಹೋಗ್ತಿತ್ತು. ನೀನು ಇರ್ತಿದ್ದೆ.”

“ಇರ್ತಿದ್ದೆ. ಜನ ನಿನ್ನನ್ನ ಫೋಟೋ ಮಾರಿದೋಳು ಅಂತ ಆಡ್ಕೊಳ್ತಿದ್ರೆ, ನಿನ್ನ ಪಕ್ಕ ಕೂತು ನಾನು ಹೇಗೆ ಉಣ್ಣಲಿ ಲಮಿಯಾ? ಆ ಹುಡುಗಿ ಮದುವೆ ನಿಂತು ಹೋಗಿದ್ರೆ?”

ಅವಳು ಫೋನನ್ನು ಅವನ ಮುಂದಿಟ್ಟಳು.

“ಆ ಆಂಟಿವೈರಸ್ ಬೇಡ ಅಂತ ನಿನಗೆ ಗೊತ್ತಿತ್ತಲ್ಲ.”

“ಗೊತ್ತಿತ್ತು. ನೀನು ಮತ್ತೆ ಬರೋದು ಬೇಕಿತ್ತು.”

“ಬಾ ಅಂದಿದ್ರೆ ಸಾಕಿತ್ತು. ಬರೀಗೈಲಿ ಬರ್ತಿದ್ದೆ.”

ಅವನು ಅವಳ ಫೋನನ್ನು ಪೂರ್ತಿ ಅಳಿಸಿ, ಹೊಸದರಂತೆ ಮಾಡಿ ಕೈಗಿಟ್ಟ. ಬೆರಳು ತಾಗಿತು. ಇಬ್ಬರೂ ಬೇಗ ಹಿಂದೆ ತೆಗೆಯಲಿಲ್ಲ. ಆಮೇಲೆ ಅವಳೇ ತೆಗೆದಳು.

ಶೈಮಾಳ ಮದುವೆ ಮುಂದಿನ ತಿಂಗಳು ನಡೆಯಿತು. ಲಮಿಯಾಳೇ ಸಿಂಗರಿಸಬೇಕೆಂದು ಹುಡುಗಿ ಹಟ ಹಿಡಿದಿದ್ದಳು. ಹಸಿರು ಕಫ್ತಾನ್ ನಿಲುವಂಗಿ ತೊಡಿಸಿ, ಸೊಂಟಕ್ಕೆ ಚಿನ್ನದ ಪಟ್ಟಿ ಬಿಗಿಯುವಾಗ ಶೈಮಾ ಕನ್ನಡಿಯಲ್ಲೇ ಅವಳನ್ನು ನೋಡಿದಳು.

“ಅವನು ಬಂದು ಹೇಳ್ದೆ ಇದ್ದಿದ್ರೆ ನಾನು ಇವತ್ತು ಇಲ್ಲಿ ನಿಂತಿರ್ತಿರ್ಲಿಲ್ಲ ಅಕ್ಕಾ. ಮೊದ್ಲು ಅವನಿಗೆ ಶಾಪ ಹಾಕಿದ್ದೆ. ಈಗ ಮನಸ್ಸು ಬರಲ್ಲ. ನಿಮಗೆ ಅವನು ಏನಾಗ್ಬೇಕು?”

ಲಮಿಯಾ ಬಾಯಲ್ಲಿ ಕಚ್ಚಿಕೊಂಡಿದ್ದ ಪಿನ್ನು ತೆಗೆದು ಪಟ್ಟಿಯ ಕೆಳಗೆ ಬಟ್ಟೆಗೆ ಚುಚ್ಚಿದಳು. ಮಡಿಕೆ ಸರಿಯಾಗಿ ಕೂತಿದೆಯೇ ಎಂದು ಬಗ್ಗಿ ನೋಡಿದಳು.

“ಏನೂ ಆಗ್ಬೇಕಿಲ್ಲ,” ಎಂದಳು. “ಫೋನು ರಿಪೇರಿ ಮಾಡ್ತಿದ್ದ.”